ಸಂಧಾನದ ತಕ್ಕಡಿಗೆ ಮುದ್ರೆ ಒತ್ತಿದವರು ಯಾರು?

ನಮ್ಮ ಪೇಟೆಯ ಕಿರಾಣಿ ಅಂಗಡಿಯವನ ತಕ್ಕಡಿಗೆ ಸರ್ಕಾರದ ಮುದ್ರೆ ಬೇಕು. ಮುದ್ರೆಯಿಲ್ಲದ ತೂಕದ ಬಟ್ಟು ಇಟ್ಟುಕೊಂಡರೆ 2009ರ ಮಾಪನ ಕಾಯಿದೆಯ ಪ್ರಕಾರ ದಂಡ. ಇದು ಸರಿಯಾದ ಕಾನೂನು, ನಮ್ಮ ತಕರಾರಿಲ್ಲ. ಆದರೆ ಖರೀದಿಯ ಧಾರಣೆಯನ್ನೂ ಹಣ ಸಲ್ಲಿಸುವ ವಾಯಿದೆಯನ್ನೂ ತೂಗಲು ದೊಡ್ಡ ಬಂಡವಾಳಗಾರರು ಈಗ ಗಣಕಯಂತ್ರದ ತಕ್ಕಡಿಯೊಂದನ್ನು ತಂದಿದ್ದಾರೆ. ನಾಳೆ ಅದು ಕೂಲಿ, ಬೋನಸ್ಸಿನ ಮೇಜಿಗೂ ಬಂದೀತು. ಅದಕ್ಕೆ ಮುದ್ರೆ ಒತ್ತಿದವರು ಯಾರು?

ಈ ಯಂತ್ರದಲ್ಲಿ ಮಾಯಮಂತ್ರವೇನೂ ಇಲ್ಲ. ಸಂಧಾನಕ್ಕೆ ಕೂರುವವರ ಕೈಗೆ ಕೊಡುವ ಸಾಧನ ಅದು. ಹಿಂದಿನ ಒಪ್ಪಂದಗಳನ್ನೆಲ್ಲ ನೆನಪಿನಲ್ಲಿಡುತ್ತದೆ. ಒಂದು ಷರತ್ತು ಸಡಿಲಿಸಿದರೆ ಎಷ್ಟು ನಷ್ಟ, ಇನ್ನೊಂದು ಬಿಗಿದರೆ ಎಷ್ಟು ಲಾಭವೆಂದು ಲೆಕ್ಕ ಹಾಕುತ್ತದೆ. ಮುಂದಿನ ಮಾತು ಏನಾಡಬೇಕೆಂದು ಸೂಚಿಸುತ್ತದೆ. ಈಚೆಗೆ ತಾನೇ ಮಾತಿಗೂ ಕೂತಿದೆ.

ವಾಲ್‌ಮಾರ್ಟ್ ಕಂಪನಿಯ ಉದಾಹರಣೆ ನೋಡಿ. ಅದಕ್ಕೆ ಸರಕು ಒದಗಿಸುವವರು ಲಕ್ಷಕ್ಕೂ ಮಿಕ್ಕಿದ್ದಾರೆ. ಎಲ್ಲರೊಡನೆ ಕೂತು ಮಾತಾಡಲು ಅದರ ಖರೀದಿಗಾರರಿಗೆ ಪುರಸೊತ್ತಿಲ್ಲ. 2021ರಲ್ಲಿ ಕೆನಡಾದಲ್ಲಿ ಪ್ಯಾಕ್ಟಮ್ ಎಂಬ ಕಂಪನಿಯ ಯಂತ್ರವನ್ನು 89 ಸರಬರಾಜುದಾರರೊಡನೆ ಮಾತಿಗೆ ಬಿಟ್ಟಿತು. ನೂರಕ್ಕೆ 64ರಷ್ಟು ಮಂದಿಯ ಒಪ್ಪಂದ ಕುದುರಿತು, ಅದೂ ಸರಾಸರಿ 11 ದಿನಗಳಲ್ಲಿ. ವಾಲ್‌ಮಾರ್ಟಿಗೆ ನೂರಕ್ಕೆ ಒಂದೂವರೆ ಉಳಿತಾಯ. ಹಣ ಸಲ್ಲಿಸುವ ವಾಯಿದೆಯೂ ಸರಾಸರಿ 35 ದಿನಕ್ಕೆ ಏರಿತು. ಯಂತ್ರದೊಡನೆ ವ್ಯವಹರಿಸುವುದು ಸುಲಭವಾಗಿತ್ತೆಂದು ಬಹುಪಾಲು ಸರಬರಾಜುದಾರರೇ ಹೇಳಿದರು.

ಹೇಳದೆ ಇನ್ನೇನು? ಮೊದಲು ಅವರೊಡನೆ ಮಾತಾಡುವವರೇ ಇರಲಿಲ್ಲ. ಅಚ್ಚು ಹಾಕಿದ ಷರತ್ತಿಗೆ ಸಹಿ ಹಾಕಬೇಕಿತ್ತು. ಕೇಳಲು ಯಂತ್ರವಾದರೂ ಸಿಕ್ಕಿತು. ಆದರೆ ಒಂದು ಮಾತು ಗಮನಿಸಿ. ಯಂತ್ರ 89 ಕೋಣೆಗಳಲ್ಲೂ ಕೂತಿತ್ತು. ಸರಬರಾಜುದಾರ ತನ್ನ ಒಂದೇ ಕೋಣೆಯಲ್ಲಿದ್ದ. ಪಕ್ಕದವನು ಎಷ್ಟಕ್ಕೆ ಒಪ್ಪಿದನೆಂದು ಯಂತ್ರದ ಒಡೆಯನಿಗೆ ಗೊತ್ತು, ಇವನಿಗೆ ಗೊತ್ತಿಲ್ಲ. ವಾಯಿದೆ ಬೆಳೆದಷ್ಟು ದಿನ ಬ್ಯಾಂಕಿನ ಬಡ್ಡಿ ಕಟ್ಟುವವರು ಯಾರೆಂದು ನಮ್ಮ ವರ್ತಕ ಬಂಧುಗಳಿಗೆ ಹೇಳಿಕೊಡಬೇಕಾಗಿಲ್ಲ. ಇದೇ ವಾಲ್‌ಮಾರ್ಟ್ 2018ರಲ್ಲಿ 1,600 ಕೋಟಿ ಡಾಲರ್ ಸುರಿದು ಬೆಂಗಳೂರಿನ ಫ್ಲಿಪ್‌ಕಾರ್ಟಿನ ಮುಕ್ಕಾಲು ಪಾಲಿಗೂ ಹೆಚ್ಚು ಕೊಂಡಿತು. ದೂರದ ಕೆನಡಾದ ಸುದ್ದಿಯೆಂದು ನಾವು ಸುಮ್ಮನೆ ಕೂರುವ ಹಾಗಿಲ್ಲ.

ಹಾಗಾದರೆ ಯಂತ್ರವನ್ನೇ ಹೊರಗಟ್ಟಬೇಕೆ? ಹಾಗೆನ್ನುವ ಸಂಗಾತಿಗಳಿದ್ದಾರೆ. ಅವರ ಮಾತು ನಮಗೆ ಒಪ್ಪಿಗೆಯಿಲ್ಲ.

ವಿಶ್ವಸಂಸ್ಥೆಯ ಮೂರನೆಯ ಸಮುದ್ರ ಕಾನೂನು ಸಮ್ಮೇಳನ 1973ರಿಂದ 1982ರವರೆಗೆ ನಡೆಯಿತು. ಆಳ ಕಡಲಿನ ತಳದಲ್ಲಿ ನಿಕ್ಕಲ್, ತಾಮ್ರ, ಕೋಬಾಲ್ಟ್ ತೆಗೆಯುವ ಕಂಪನಿಗಳು ಜಗತ್ತಿಗೆ ಎಷ್ಟು ತೆರಬೇಕು ಎಂಬುದು ಅಲ್ಲಿನ ಒಂದು ಜಗಳ. ಬಡ ರಾಷ್ಟ್ರಗಳ ಪರವಾಗಿ ಭಾರತ ಪ್ರತಿ ಗಣಿ ನಿವೇಶನಕ್ಕೆ ಮೊದಲೇ 6 ಕೋಟಿ ಡಾಲರ್ ಕೇಳಿತು. ಅಮೆರಿಕ ಒಂದು ಕಾಸೂ ಮುಂಗಡ ಕೂಡದೆಂದಿತು. ಇಬ್ಬರೂ ಪಟ್ಟು ಹಿಡಿದು ಕೂತರು. ಆಗ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯವರು ಕಟ್ಟಿದ್ದ ಗಣಕಯಂತ್ರದ ಲೆಕ್ಕದ ಮಾದರಿ ಮೇಜಿನ ಮೇಲೆ ಬಂತು. ಅದನ್ನು ಕಟ್ಟಿದವರನ್ನೇ ಪ್ರತಿನಿಧಿಗಳು ಎದುರು ಕೂರಿಸಿಕೊಂಡು ಪ್ರಶ್ನೆ ಕೇಳಿದರು. ಆದಾಯ ಹುಟ್ಟುವುದಕ್ಕೆ ಐದು ವರ್ಷ ಮೊದಲೇ ಅಷ್ಟು ದೊಡ್ಡ ಮೊತ್ತ ಕೇಳಿದರೆ ಗಣಿಯೇ ನಡೆಯದೆಂದು ಭಾರತಕ್ಕೆ ಕಂಡಿತು. ಸ್ವಲ್ಪ ಮುಂಗಡ ಕೊಟ್ಟರೆ ಕಂಪನಿ ಮುಳುಗುವುದಿಲ್ಲವೆಂದು ಅಮೆರಿಕದ ಪ್ರತಿನಿಧಿಗಳಿಗೆ ಕಂಡಿತು. ಅದುವರೆಗೆ ಅವರಿಗಿದ್ದ ತಿಳಿವಳಿಕೆ ಬಹುಪಾಲು ಗಣಿ ಕಂಪನಿಗಳೇ ಹೇಳಿಕೊಟ್ಟದ್ದು. ಇಬ್ಬರೂ ಜಗ್ಗಿದರು.

ಇಲ್ಲೂ ಯಂತ್ರ, ಅಲ್ಲೂ ಯಂತ್ರ. ವ್ಯತ್ಯಾಸವೆಲ್ಲಿ? ಕಡಲಿನ ಲೆಕ್ಕ ಇಬ್ಬರ ನಡುವೆ ಮೇಜಿನ ಮೇಲಿತ್ತು. ವಾಲ್‌ಮಾರ್ಟಿನ ಲೆಕ್ಕ ಒಬ್ಬನ ಜೇಬಿನಲ್ಲಿತ್ತು. ಯಂತ್ರ ನಿಷ್ಪಕ್ಷಪಾತಿ, ಅದಕ್ಕೆ ಹೊಟ್ಟೆಯಿಲ್ಲ, ಲಂಚ ಬೇಡ ಎನ್ನುವ ಪಂಡಿತರು ಬೆಕ್ಕುಗಳಿಗೆ ಬೆಣ್ಣೆ ಹಂಚಿದ ಕೋತಿಯ ಕಥೆಯನ್ನು ಮರೆತಿದ್ದಾರೆ. ಹಳೆಯ ಒಪ್ಪಂದಗಳನ್ನು ಓದಿ ಕಲಿತ ಯಂತ್ರ, ನಾವು ಹಸಿವಿನಲ್ಲಿ ಸಹಿ ಹಾಕಿದ ದರವನ್ನೇ ನ್ಯಾಯದ ದರವೆಂದು ನಮಗೆ ತಿರುಗಿ ಹೇಳುತ್ತದೆ.

ಕಾರ್ಮಿಕರ ಕಡೆ ನೋಡಿ. ಬೋನಸ್ಸು ನೂರಕ್ಕೆ 8.33ಕ್ಕೆ ನಿಲ್ಲಬೇಕೆ, 20ರ ತನಕ ಏರಬೇಕೆ ಎಂಬುದು ಆಯವ್ಯಯ ಪಟ್ಟಿಯ ಲೆಕ್ಕ. ಮಾಲೀಕನ ಜೊತೆ ಲೆಕ್ಕಪರಿಶೋಧಕ, ವಕೀಲ, ಲ್ಯಾಪ್‌ಟಾಪು. ನಮ್ಮ ಪ್ರತಿನಿಧಿಯ ಕೈಯಲ್ಲಿ ಒಂದು ಚೀಟಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ, ಹಲವು ಸಂಘಗಳಿರುವ ಕಡೆ ನೂರಕ್ಕೆ 51 ಕಾರ್ಮಿಕರ ಬೆಂಬಲವಿರುವ ಸಂಘವೊಂದೇ ಸಂಧಾನಕ್ಕೆ ಕೂರುತ್ತದೆ. ಕೂರುವವರು ಕೆಲವರು, ಹೊರುವ ಭಾರ ಎಲ್ಲರದು. ಅವರಿಗೆ ಲೆಕ್ಕದ ಸಾಧನ ಬೇಡವೆನ್ನುವುದು ಬರಿಗೈಯಲ್ಲಿ ಕಳಿಸಿದಂತೆ.

ಆದರೆ ಯಂತ್ರವೊಂದೇ ಸಾಲದು. 1982ರ ಜನವರಿಯಲ್ಲಿ ಮುಂಬಯಿಯ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಕಾನೂನಿನ ಮನ್ನಣೆ ಬೇರೊಂದು ಸಂಘಕ್ಕಿದ್ದುದರಿಂದ ಅವರ ನಾಯಕ ದತ್ತಾ ಸಾಮಂತರಿಗೆ ಸಂಧಾನದ ಕುರ್ಚಿಯೇ ಸಿಗಲಿಲ್ಲ. ಕುರ್ಚಿ ಸಿಕ್ಕದವನಿಗೆ ಯಾವ ಲೆಕ್ಕದಿಂದ ಏನು ಪ್ರಯೋಜನ? ಕುರ್ಚಿ ಗಳಿಸಿಕೊಡುವುದು ಸಂಘಟನೆ.

ಆದ್ದರಿಂದ ಇಂಥ ಸಾಧನ ಕಟ್ಟುವವರ ಮುಂದೆ ನಮ್ಮ ಬೇಡಿಕೆಗಳು ಇವು:

1. ಲೆಕ್ಕದ ಮೂಲ ಅಂಕಿಗಳೂ ಸೂತ್ರವೂ ಎರಡು ಪಕ್ಷಗಳಿಗೂ ತೆರೆದಿರಬೇಕು. ಪರೀಕ್ಷಿಸಿ ಮುದ್ರೆ ಒತ್ತುವ ಸರ್ಕಾರಿ ಅಧಿಕಾರಿ ಇರಬೇಕು.

2. ಎದುರಿಗಿರುವುದು ಯಂತ್ರವೆಂದು ಮೊದಲೇ ತಿಳಿಸಬೇಕು. ಬೇಡವೆಂದವನಿಗೆ ಮನುಷ್ಯನೊಡನೆ ಮಾತಾಡುವ ಹಕ್ಕು, ತನ್ನ ಸಂಘವನ್ನು ಕೇಳಿ ಬರುವಷ್ಟು ಕಾಲಾವಕಾಶ ಕೊಡಬೇಕು.

3. ನಾವು ಎಲ್ಲಿಯವರೆಗೆ ಇಳಿಯಬಹುದೆಂಬ ಗುಟ್ಟಿನ ಅಂಕಿ ಸದಸ್ಯರ ಸಭೆಯ ಸ್ವತ್ತು. ಮಾಲೀಕರಿಗೂ ಯಂತ್ರ ಮಾರುವ ಕಂಪನಿಯ ಉಗ್ರಾಣದಲ್ಲಿ ಅದನ್ನು ಇಡಕೂಡದು.

4. ಸಾಧನ ಕನ್ನಡದಲ್ಲಿ ಮಾತಾಡಬೇಕು. ಏಳನೆಯ ತರಗತಿ ಓದಿದವನಿಗೆ ತಿಳಿಯುವಂತೆ ಕಾರಣ ಹೇಳಬೇಕು. ಕೊನೆಯ ತೀರ್ಮಾನ ಯಂತ್ರದ್ದಲ್ಲ, ಸಭೆಯದು.

ಗಿರಣಿಯ ಬಂಧುಗಳೇ, ಅಂಗಡಿಯ ಮಿತ್ರರೇ! ಮುಂದಿನ ಸಂಘದ ಸಭೆಯಲ್ಲಿ ಈ ನಾಲ್ಕನ್ನೂ ಓದಿ, ಚರ್ಚಿಸಿ, ಬೇಕಾದುದನ್ನು ಸೇರಿಸಿ ಠರಾವು ಮಾಡಿರಿ. ಯಂತ್ರ ಮೇಜಿಗೆ ಬಂದು ಕೂತ ಮೇಲೆ ಷರತ್ತು ಹಾಕುವುದು ಕಷ್ಟ. ಬರುವ ಮೊದಲೇ ಹಾಕೋಣ.