ಶ್ವೇತಭವನದ ಹಾಫಿಝ್ ಮತ್ತು ನಮ್ಮ ಸಂಭ್ರಮ

2010ರ ಫೆಬ್ರವರಿಯಲ್ಲಿ ಅಮೆರಿಕದ ಅಧ್ಯಕ್ಷ ಬರಾಕ್ ಒಬಾಮರು ದೋಹಾದಲ್ಲಿ ಸೇರಿದ್ದ ಸಭೆಯೊಂದಕ್ಕೆ ವೀಡಿಯೊ ಸಂದೇಶ ಕಳುಹಿಸಿದರು. 57 ರಾಷ್ಟ್ರಗಳ ಇಸ್ಲಾಮೀ ಒಕ್ಕೂಟಕ್ಕೆ ತಮ್ಮ ವಿಶೇಷ ಪ್ರತಿನಿಧಿಯಾಗಿ ರಶಾದ್ ಹುಸೈನ್ ಎಂಬ ಯುವ ವಕೀಲರನ್ನು ನೇಮಿಸಿರುವುದಾಗಿ ಅದರಲ್ಲಿ ಘೋಷಿಸಿದರು. ಪರಿಚಯಿಸುವಾಗ, ಅವರು ತಮ್ಮ ಶ್ವೇತಭವನದ ನಂಬಿಕಸ್ಥ ಸಿಬ್ಬಂದಿ ಎಂಬುದರ ಜೊತೆಗೆ ಕುರ್‌ಆನ್‌ನ ಹಾಫಿಝ್ ಎಂಬುದನ್ನೂ ಸೇರಿಸಿದರು.

ಹಾಫಿಝ್ ಆಗುವುದು ಎಂದರೇನೆಂದು ಮದ್ರಸದ ಚಾಪೆಯ ಮೇಲೆ ಬಾಲ್ಯ ಕಳೆದ ನಮ್ಮಂಥವರಿಗೆ ಯಾರೂ ವಿವರಿಸಬೇಕಿಲ್ಲ. ಮೂವತ್ತು ಭಾಗಗಳು, ಆರು ಸಾವಿರಕ್ಕೂ ಮಿಕ್ಕಿದ ಸೂಕ್ತಗಳು, ಸುಬ್‌ಹ್‌ಗಿಂತ ಮುಂಚಿನ ನಿದ್ದೆಗಣ್ಣು, ನಿನ್ನೆ ಕಲಿತದ್ದು ಇಂದು ಜಾರಿಹೋದಾಗಿನ ಕಣ್ಣೀರು. ಅಂತಹ ಪದವೊಂದು ಜಗತ್ತಿನ ಅತ್ಯಂತ ಬಲಿಷ್ಠ ಅರಮನೆಯಿಂದ ಗೌರವದೊಂದಿಗೆ ಹೊರಟು ಬಂದಾಗ ನಮ್ಮ ಹಿರಿಯರ ಕಣ್ಣು ತುಂಬಿದ್ದು ಸಹಜ. ಹೆಮ್ಮೆಪಟ್ಟವರಲ್ಲಿ ನಾವೂ ಇದ್ದೆವು. ಇಂದು ನಮ್ಮ ತಕರಾರು ಇರುವುದು ಆ ಹೆಮ್ಮೆಯೊಂದಿಗೇ.

ಮೊದಲು ಆ ವ್ಯಕ್ತಿಗೆ ಸಲ್ಲಬೇಕಾದುದು ಸಲ್ಲಲಿ. ಬಿಹಾರದಿಂದ ವಲಸೆ ಹೋದ ಕುಟುಂಬದ ಮಗ. ಬೆಳೆದದ್ದು ಟೆಕ್ಸಾಸ್‌ನ ಪ್ಲೇನೋದಲ್ಲಿ. ಯೇಲ್‌ನಲ್ಲಿ ಕಾನೂನು, ಹಾರ್ವರ್ಡ್‌ನಲ್ಲಿ ಆಡಳಿತ ಹಾಗೂ ಅರಬೀ–ಇಸ್ಲಾಮೀ ಅಧ್ಯಯನ. ಅಮೆರಿಕದ ಸಂಸತ್ತಿನ ನ್ಯಾಯಾಂಗ ಸಮಿತಿಯಲ್ಲಿ ದುಡಿದು, 2009ರಲ್ಲಿ ಅಧ್ಯಕ್ಷರ ಕಾನೂನು ಸಲಹೆಗಾರರ ಕಚೇರಿ ಸೇರಿದರು. ಅದೇ ವರ್ಷ ಜೂನ್ 4ರಂದು ಒಬಾಮರು ಕೈರೋದಲ್ಲಿ ಮಾಡಿದ ಪ್ರಸಿದ್ಧ ಭಾಷಣದ ತಯಾರಿಯಲ್ಲಿ ಅವರ ಪಾಲೂ ಇತ್ತು. ಅನಂತರ ಇಸ್ಲಾಮೀ ಒಕ್ಕೂಟದ ಪ್ರತಿನಿಧಿ. 2015ರಲ್ಲಿ ಭಯೋತ್ಪಾದನಾ ವಿರೋಧಿ ಸಂವಹನದ ವಿಶೇಷ ಪ್ರತಿನಿಧಿ. 2021ರ ಡಿಸೆಂಬರ್‌ನಲ್ಲಿ ಅಮೆರಿಕದ ಸೆನೆಟ್ 85–5 ಮತಗಳಿಂದ ಅವರನ್ನು ಅಂತಾರಾಷ್ಟ್ರೀಯ ಧಾರ್ಮಿಕ ಸ್ವಾತಂತ್ರ್ಯದ ರಾಯಭಾರಿಯಾಗಿ ಅಂಗೀಕರಿಸಿತು. ಆ ಸ್ಥಾನಕ್ಕೇರಿದ ಮೊದಲ ಮುಸ್ಲಿಮ್ ಅವರೇ. ಇದು ಸಣ್ಣ ಮನುಷ್ಯನ ಜೀವನವಲ್ಲ.

ಆದರೆ ನಮ್ಮ ಮಿಂಬರುಗಳಿಂದಲೂ ವಾಟ್ಸಾಪ್ ಗುಂಪುಗಳಿಂದಲೂ ಹೊರಟ ಅಭಿನಂದನೆಯ ಪ್ರವಾಹದಲ್ಲಿ ಒಂದು ಘಟನೆ ಕೊಚ್ಚಿಹೋಯಿತು. 2004ರಲ್ಲಿ, ಇನ್ನೂ ಕಾನೂನು ವಿದ್ಯಾರ್ಥಿಯಾಗಿದ್ದಾಗ, ಹುಸೈನರು ಮುಸ್ಲಿಮ್ ವಿದ್ಯಾರ್ಥಿ ಸಂಘಟನೆಯ ಸಮ್ಮೇಳನವೊಂದರಲ್ಲಿ ಮಾತನಾಡಿದ್ದರು. ಫ್ಲಾರಿಡಾದ ಫೆಲೆಸ್ತೀನ್ ಮೂಲದ ಪ್ರಾಧ್ಯಾಪಕ ಸಾಮಿ ಅಲ್ ಅರಿಯಾನ್ ಆಗ ಭಯೋತ್ಪಾದನೆಗೆ ನೆರವು ನೀಡಿದ ಆರೋಪದ ಮೇಲೆ ಸೆರೆಯಲ್ಲಿದ್ದರು. ಅವರ ಮೇಲಿನ ಪ್ರಕರಣವು ರಾಜಕೀಯ ಪ್ರೇರಿತ ಕಿರುಕುಳಗಳ ಸಾಲಿಗೆ ಸೇರಿದ್ದೆಂದು ಹುಸೈನರು ಹೇಳಿದ್ದರು. ಮುಂದೆ 2005ರಲ್ಲಿ ಜ್ಯೂರಿಯು ಪ್ರಾಧ್ಯಾಪಕರನ್ನು 17 ಆರೋಪಗಳ ಪೈಕಿ 8ರಿಂದ ಬಿಡುಗಡೆಗೊಳಿಸಿ ಉಳಿದವುಗಳಲ್ಲಿ ಒಮ್ಮತಕ್ಕೆ ಬರಲಾಗದೆ ಎದ್ದಿತು. 2006ರಲ್ಲಿ ಅವರು ಒಂದು ಆರೋಪವನ್ನು ಒಪ್ಪಿಕೊಂಡರು, 2015ರಲ್ಲಿ ತುರ್ಕಿಗೆ ಗಡೀಪಾರಾದರು. ಆ ಪ್ರಕರಣದ ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಇಲ್ಲಿ ಗಮನಿಸಬೇಕಾದುದು ಇಷ್ಟು: 2010ರಲ್ಲಿ ನೇಮಕವಾದ ಕೂಡಲೇ ಆ ಹಳೆಯ ಮಾತನ್ನು ಪತ್ರಕರ್ತರು ಕೆದಕಿದರು. ಅಂತಹ ಮಾತು ಆಡಿದ ನೆನಪಿಲ್ಲವೆಂದು ಮೊದಲು ಉತ್ತರ ಬಂತು. ಧ್ವನಿಮುದ್ರಣ ಹೊರಬಿದ್ದ ಬಳಿಕ, ಆಡಿದ್ದು ಹೌದು, ಆದರೆ ಯೋಚಿಸದೆ ಆಡಿದ ಮಾತು ಎಂದು ಹುಸೈನರು ಒಪ್ಪಿಕೊಂಡರು. ಹುದ್ದೆ ಉಳಿಯಿತು.

ಆರು ಸಾವಿರ ಸೂಕ್ತಗಳನ್ನು ಎದೆಯಲ್ಲಿಟ್ಟುಕೊಂಡವರಿಗೆ ಆರು ವರ್ಷ ಹಿಂದಿನ ಒಂದು ಭಾಷಣ ನೆನಪಿರಲಿಲ್ಲವೇ ಎಂದು ಕುಟುಕುವುದು ಸುಲಭ. ಮನುಷ್ಯ ಮರೆಯುತ್ತಾನೆ, ಆದ್ದರಿಂದ ಆ ಕುಟುಕನ್ನು ನಾವು ಹಿಂತೆಗೆದುಕೊಳ್ಳುತ್ತೇವೆ. ಆದರೆ ಬಾಗಿಲಲ್ಲಿ ವಸೂಲಾದ ಸುಂಕವನ್ನು ನೋಡಿ. ತೀರ್ಪು ಬರುವ ಮುನ್ನ ಆರೋಪಿಯೊಬ್ಬನ ಪರ ಆಡಿದ ಮಾತನ್ನು, ಅದು ಸರಿಯೋ ತಪ್ಪೋ ಎಂಬ ಚರ್ಚೆಯೇ ಇಲ್ಲದೆ, ಹೊಸ್ತಿಲಿನ ಹೊರಗೆ ಇಟ್ಟು ಬರಬೇಕಾಯಿತು. ‘ಹಾಫಿಝ್’ ಎಂಬ ಪದಕ್ಕೆ ಮಾತ್ರ ಒಳಗೆ ಆಸನ ಸಿಕ್ಕಿತು. ಅರಮನೆಗೆ ಬೇಕಾದುದು ಆ ಪದ. 57 ರಾಷ್ಟ್ರಗಳೆದುರು ಅದಕ್ಕೆ ಬೆಲೆಯಿತ್ತು.

ದರಬಾರಿನ ಹುದ್ದೆಯ ಪ್ರಶ್ನೆ ನಮಗೆ ಹೊಸತಲ್ಲ. ಅಬ್ಬಾಸೀ ಖಲೀಫ ಮನ್ಸೂರ್ ನ್ಯಾಯಾಧೀಶನ ಹುದ್ದೆ ನೀಡಿದಾಗ ಇಮಾಮ್ ಅಬೂ ಹನೀಫ(ರ) ತಾನು ಅದಕ್ಕೆ ಅರ್ಹನಲ್ಲ ಎಂದರಂತೆ. ನೀನು ಸುಳ್ಳು ಹೇಳುತ್ತಿರುವೆ ಎಂದು ಖಲೀಫ ಗದರಿದಾಗ, ಹಾಗಿದ್ದರೆ ಸುಳ್ಳುಗಾರನು ನ್ಯಾಯಾಧೀಶನಾಗುವುದು ಹೇಗೆ ಎಂದು ಕೇಳಿದರಂತೆ. ಮದ್ರಸದಲ್ಲಿ ಈ ಕಥೆ ಕೇಳಿ ನಾವು ನಗುತ್ತಿದ್ದೆವು. ಇಮಾಮರು ಸೆರೆಮನೆ ಸೇರಿದರೆಂದು ಉಸ್ತಾದರು ಮುಂದುವರಿಸಿದಾಗ ನಗು ನಿಲ್ಲುತ್ತಿತ್ತು. ಆದರೆ ಅದೇ ಇಮಾಮರ ಅಚ್ಚುಮೆಚ್ಚಿನ ಶಿಷ್ಯ ಅಬೂ ಯೂಸುಫ್(ರ) ಹಾರೂನ್ ರಶೀದರ ಮುಖ್ಯ ಖಾಝಿಯಾದರು. ಗುರು ನಿರಾಕರಿಸಿದ ಬಾಗಿಲಲ್ಲಿ ಶಿಷ್ಯ ಒಳಹೊಕ್ಕರು, ಮತ್ತು ನಮ್ಮ ವಿದ್ವತ್ ಪರಂಪರೆ ಇಬ್ಬರನ್ನೂ ಇಮಾಮ್ ಎಂದೇ ಕರೆಯಿತು. ಕಾರಣ, ಶಿಷ್ಯರು ಖಲೀಫರಿಗಾಗಿ ಬರೆದುಕೊಟ್ಟ ‘ಕಿತಾಬುಲ್ ಖರಾಜ್’ ಆರಂಭವಾಗುವುದೇ ಖಲೀಫರಿಗೆ ಪರಲೋಕದ ವಿಚಾರಣೆಯನ್ನು ನೆನಪಿಸುವ ಖಡಕ್ ಉಪದೇಶದಿಂದ. ತೆರಿಗೆಗಾಗಿ ಬಡವರನ್ನು ಹಿಂಸಿಸುವುದನ್ನು ಅದು ಖಂಡಿಸುತ್ತದೆ. ಅಬೂ ಯೂಸುಫರ ಮಾತು ದರಬಾರಿನ ಒಳಗೆ, ದೊರೆಯ ಮುಖಕ್ಕೆ ಇತ್ತು.

ಆದ್ದರಿಂದ ರಶಾದ್ ಹುಸೈನರನ್ನು ‘ಮುನಾಫಿಕ್’ ಎಂದು ಜರೆಯುವ ಯುವಕರೊಂದಿಗೆ ನಾವಿಲ್ಲ. ಹೃದಯವನ್ನು ಸೀಳಿ ನೋಡುವ ಅಧಿಕಾರವನ್ನು ಅಲ್ಲಾಹನು ನಮಗೆ ಕೊಟ್ಟಿಲ್ಲ. ಅರಮನೆಯೊಳಗಿನ ಮುಸ್ಲಿಮನು ಯಾರ ತಪ್ಪನ್ನು ಗಟ್ಟಿಯಾಗಿ ಹೇಳಬಲ್ಲ, ಯಾರದನ್ನು ಹೇಳಲಾರ ಎಂಬುದಷ್ಟೇ ನಾವು ಕೇಳಬಹುದಾದ ಪ್ರಶ್ನೆ.

ನಮ್ಮದೇ ಅಂಗಳದಿಂದ ಆರಂಭಿಸೋಣ. ಉಡುಪಿಯಲ್ಲಿ ಹೆಣ್ಣುಮಕ್ಕಳನ್ನು ಹಿಜಾಬಿನ ಕಾರಣಕ್ಕೆ ತರಗತಿಯ ಹೊರಗೆ ನಿಲ್ಲಿಸಿದ ಬಳಿಕ, 2022ರ ಫೆಬ್ರವರಿ 5ರಂದು ಕರ್ನಾಟಕ ಸರಕಾರ ಸಮವಸ್ತ್ರದ ಆದೇಶ ಹೊರಡಿಸಿತು. ರಾಯಭಾರಿಯಾಗಿ ಅಧಿಕಾರ ವಹಿಸಿಕೊಂಡು ಕೆಲವೇ ವಾರಗಳಾಗಿದ್ದ ಹುಸೈನರು ಫೆಬ್ರವರಿ 11ರಂದು ಟ್ವಿಟರ್‌ನಲ್ಲಿ ಕರ್ನಾಟಕದ ಹೆಸರು ಹಿಡಿದೇ ಬರೆದರು: ಧಾರ್ಮಿಕ ಉಡುಪನ್ನು ಆರಿಸಿಕೊಳ್ಳುವುದು ಧರ್ಮ ಸ್ವಾತಂತ್ರ್ಯದ ಭಾಗ, ಅದರ ಬಗ್ಗೆ ರಾಜ್ಯವು ತೀರ್ಮಾನಿಸಬಾರದು, ಶಾಲೆಯಲ್ಲಿನ ನಿಷೇಧವು ಹೆಣ್ಣುಮಕ್ಕಳನ್ನು ಕಳಂಕಿತರನ್ನಾಗಿಸಿ ಅಂಚಿಗೆ ತಳ್ಳುತ್ತದೆ ಎಂಬುದು ಅದರ ಸಾರ. ನಮ್ಮ ಆಂತರಿಕ ವಿಷಯದಲ್ಲಿ ದುರುದ್ದೇಶದ ಟಿಪ್ಪಣಿ ಬೇಡವೆಂದು ದೆಹಲಿಯ ವಿದೇಶಾಂಗ ಸಚಿವಾಲಯ ಉತ್ತರಿಸಿತು. ಅದೇ ವರ್ಷ ಜೂನ್‌ನಲ್ಲಿ ವಾಷಿಂಗ್ಟನ್‌ನ ಸಮಾವೇಶವೊಂದರಲ್ಲಿ, 1969ರಲ್ಲಿ ಭಾರತದಿಂದ ಬಂದ ತನ್ನ ತಂದೆಯನ್ನು ನೆನೆದು, ಭಾರತದಲ್ಲಿ ಕೇಳಿಬರುತ್ತಿದ್ದ ನರಮೇಧದ ಕರೆಗಳು, ಚರ್ಚುಗಳ ಮೇಲಿನ ದಾಳಿ, ಮನೆಗಳ ಧ್ವಂಸ, ಹಿಜಾಬ್ ನಿಷೇಧ ಎಲ್ಲವನ್ನೂ ಅವರು ಪ್ರಸ್ತಾಪಿಸಿದರು.

ಅಷ್ಟನ್ನೂ ಅವರು ಹೇಳಿದರು. ನಾವು ಕೃತಜ್ಞರು. ನಮ್ಮೂರಿನ ಎಷ್ಟೋ ಶ್ರೀಮಂತರು ಆ ದಿನಗಳಲ್ಲಿ ಬಾಯಿ ಬಿಡಲಿಲ್ಲ.

ಆದರೆ ಅಮೆರಿಕದ ಕಾನೂನಿನಲ್ಲಿ ಮಾತಿನ ಆಚೆಗೆ ಒಂದು ಪಟ್ಟಿಯೂ ಇದೆ. 1998ರ ಧಾರ್ಮಿಕ ಸ್ವಾತಂತ್ರ್ಯ ಕಾಯಿದೆಯ ಪ್ರಕಾರ ತೀವ್ರ ಉಲ್ಲಂಘನೆಯ ದೇಶಗಳನ್ನು ‘ವಿಶೇಷ ಕಳವಳದ ದೇಶ’ ಎಂದು ಹೆಸರಿಸಬೇಕು. ಅದೇ ಕಾಯಿದೆಯಡಿ ರಚನೆಯಾದ ಸ್ವತಂತ್ರ ಆಯೋಗವು 2020ರಿಂದ ಪ್ರತಿ ವರ್ಷವೂ ಭಾರತವನ್ನು ಆ ಪಟ್ಟಿಗೆ ಸೇರಿಸಲು ಶಿಫಾರಸು ಮಾಡುತ್ತ ಬಂತು. ಹುಸೈನರ ಅವಧಿಯಲ್ಲಿ ಹೊರಬಂದ ಪಟ್ಟಿಗಳಲ್ಲಿ ಚೀನಾ, ಬರ್ಮಾ, ಇರಾನ್, ಕ್ಯೂಬಾ ಇದ್ದವು. ಪಾಕಿಸ್ತಾನ, ಸೌದಿ ಅರೇಬಿಯವೂ ಇದ್ದವು, ಆದರೆ ಆ ಎರಡಕ್ಕೂ ಅಮೆರಿಕದ ರಾಷ್ಟ್ರೀಯ ಹಿತಾಸಕ್ತಿಯ ಹೆಸರಿನಲ್ಲಿ ನಿರ್ಬಂಧಗಳಿಂದ ವಿನಾಯಿತಿ ದೊರೆಯಿತು. ಭಾರತದ ಹೆಸರು ಬರಲೇ ಇಲ್ಲ. ಪಟ್ಟಿಗೆ ಸಹಿ ಹಾಕುವವರು ವಿದೇಶಾಂಗ ಕಾರ್ಯದರ್ಶಿ, ರಾಯಭಾರಿಯದು ಸಲಹೆ ಮಾತ್ರ. 2023ರ ಜೂನ್‌ನಲ್ಲಿ ಅದೇ ಶ್ವೇತಭವನದಲ್ಲಿ ನಮ್ಮ ಪ್ರಧಾನಿಗೆ ರಾಜ್ಯ ಔತಣ ನಡೆಯಿತು. ಭಾರತದ ಹೆಸರು ಆ ಪಟ್ಟಿಯಲ್ಲಿ ಇರಬೇಕಿತ್ತು ಎಂದು ವಾದಿಸುವುದು ಇಲ್ಲಿ ನಮ್ಮ ಉದ್ದೇಶವಲ್ಲ. ನಮ್ಮ ನಾಡಿನ ನ್ಯಾಯವನ್ನು ನಮ್ಮ ಸಂವಿಧಾನದಲ್ಲೇ ಹುಡುಕುವವರು ನಾವು. ಧರ್ಮ ಸ್ವಾತಂತ್ರ್ಯವೆಂಬ ತಕ್ಕಡಿಯನ್ನು ಹಿಡಿದ ಕೈ ಯಾರದು, ಅದಕ್ಕೆ ತೂಕದ ಕಲ್ಲು ಹಾಕುವವರು ಯಾರು ಎಂಬುದನ್ನು ನಮ್ಮವರು ಗಮನಿಸಲಿಲ್ಲ ಎಂಬುದೇ ನಮ್ಮ ದೂರು.

ಇನ್ನು ಗಾಝಾ. 2010ರಲ್ಲಿ ಹುಸೈನರು ಅಮೆರಿಕದ ಕೆಲವು ಇಮಾಮರೊಂದಿಗೆ ನಾಝಿಗಳ ಯಾತನಾ ಶಿಬಿರಗಳಾಗಿದ್ದ ಡಖೌ ಮತ್ತು ಔಶ್‌ವಿಟ್ಸ್‌ಗೆ ಹೋಗಿದ್ದರು. ಯಹೂದಿಯರ ಮೇಲೆ ನಡೆದ ಆ ಮಹಾಪಾತಕವನ್ನು ನಿರಾಕರಿಸುವವರನ್ನು ಇಮಾಮರು ಒಟ್ಟಾಗಿ ಖಂಡಿಸಿದರು. ಅದು ಒಳ್ಳೆಯ ಕೆಲಸ. ನಮ್ಮಲ್ಲಿ ಅದನ್ನು ಕೊಂಕು ನುಡಿಯುವವರಿದ್ದಾರೆ, ಅವರು ತಪ್ಪು. ಆದರೆ ಹದಿಮೂರು ವರ್ಷಗಳ ಬಳಿಕ, 2023ರ ಅಕ್ಟೋಬರ್‌ನಿಂದ, ಗಾಝಾದ ಮೇಲೆ ಬಿದ್ದ ಬಾಂಬುಗಳಲ್ಲಿ ಅಪಾರ ಪಾಲು ಹುಸೈನರಿಗೆ ಸಂಬಳ ಕೊಡುವ ಸರಕಾರ ಪೂರೈಸಿದ್ದು. ಇಸ್ರೇಲಿಗೆ ಹತ್ತು ವರ್ಷಗಳಲ್ಲಿ 38 ಶತಕೋಟಿ ಡಾಲರ್ ಸೈನಿಕ ನೆರವಿನ ಒಪ್ಪಂದಕ್ಕೆ 2016ರಲ್ಲಿ ಸಹಿಯಾದದ್ದು ಕೈರೋದಲ್ಲಿ ನಮಗೆ ಸಲಾಮ್ ಹೇಳಿದ ಒಬಾಮರ ಕಾಲದಲ್ಲೇ. ಗಾಝಾದ ಸಂತ ಪೋರ್ಫಿರಿಯಸ್ ಚರ್ಚಿನ ಆವರಣದ ಮೇಲೆ ಬಾಂಬು ಬಿತ್ತು, ಶತಮಾನಗಳ ಹಳೆಯ ಮಹಾ ಉಮರೀ ಮಸೀದಿ ಭಗ್ನವಾಯಿತು. ಆರಾಧನಾಲಯ ಉರುಳುವುದು ಧಾರ್ಮಿಕ ಸ್ವಾತಂತ್ರ್ಯದ ವಿಷಯವಲ್ಲದಿದ್ದರೆ ಇನ್ನಾವುದು?

ಅದೇ ಸರಕಾರದಿಂದ ಎದ್ದು ಹೋದವರಿದ್ದಾರೆ. ಶಸ್ತ್ರಾಸ್ತ್ರ ವರ್ಗಾವಣೆಯ ವಿಭಾಗದಲ್ಲಿದ್ದ ಜೋಶ್ ಪಾಲ್ 2023ರ ಅಕ್ಟೋಬರ್‌ನಲ್ಲೇ ರಾಜೀನಾಮೆ ಕೊಟ್ಟರು. ಮಾನವ ಹಕ್ಕುಗಳ ವಿಭಾಗದ ಆನೆಲ್ ಶೆಲಿನ್ 2024ರ ಮಾರ್ಚ್‌ನಲ್ಲಿ ಹೊರಟರು. ಹದಿನೆಂಟು ವರ್ಷ ರಾಜತಾಂತ್ರಿಕ ಸೇವೆ ಮಾಡಿದ, ವಿದೇಶಾಂಗ ಇಲಾಖೆಯ ಅರಬೀ ವಕ್ತಾರೆ ಹಾಲಾ ರರಿತ್ ಏಪ್ರಿಲ್‌ನಲ್ಲಿ ಹೊರಟರು. ನಮ್ಮ ಭಾಷಣಕಾರರ ಬಾಯಲ್ಲಿ ಈ ಹೆಸರುಗಳು ಬಂದದ್ದನ್ನು ನಾವು ಕೇಳಿಲ್ಲ. ಹುಸೈನರು ಬೈಡನ್ ಆಡಳಿತ ಮುಗಿಯುವವರೆಗೂ ಹುದ್ದೆಯಲ್ಲಿದ್ದರು. ಒಳಗೆ ಅವರು ಏನು ವಾದಿಸಿದರೋ ಅಲ್ಲಾಹನು ಬಲ್ಲ. ಹೊರಗೆ ನಮಗೆ ಕಂಡದ್ದು, ಅವರು ಉಳಿದರು ಎಂಬುದು.

ಉಳಿಯುವುದಕ್ಕೂ ಸಮರ್ಥನೆ ಇದೆ, ಬಲ್ಲೆವು. ಪ್ರವಾದಿ ಯೂಸುಫ್(ಅ) ಈಜಿಪ್ಟಿನ ದೊರೆಯ ಕೆಳಗೆ ಕಣಜದ ಹೊಣೆ ಹೊತ್ತರಲ್ಲವೇ ಎಂದು ಅಭಿಮಾನಿಗಳು ಕೇಳುತ್ತಾರೆ. ಹೊತ್ತರು. ಆದರೆ ಸೆರೆಮನೆಯಿಂದ ಕರೆ ಬಂದಾಗ ಅವರು ಓಡಿಬರಲಿಲ್ಲ. ತನ್ನ ಮೇಲಿನ ಆರೋಪದ ಸತ್ಯ ಬಹಿರಂಗವಾಗುವವರೆಗೆ ಒಳಗೇ ಕಾದರು. ಹೊರಬಂದ ಬಳಿಕ ಕಣಜದ ಕೀಲಿಕೈ ಅವರ ಕೈಯಲ್ಲೇ ಇತ್ತು. ಕೀಲಿಕೈ ಇಲ್ಲದವನಿಗೆ ಯೂಸುಫರ(ಅ) ಹೋಲಿಕೆ ತೊಡಿಸುವುದು ಆ ಮನುಷ್ಯನಿಗೂ ನ್ಯಾಯವಲ್ಲ.

ಹುಸೈನರಿಗಿಂತ ಹೆಚ್ಚಾಗಿ ನಮ್ಮ ಕೋಪ ನಮ್ಮ ಮೇಲೆಯೇ. ಅವರು ತಮ್ಮ ದೇಶದ ನೌಕರರು, ತಮ್ಮ ದೇಶದ ಕೆಲಸ ಮಾಡಿದರು. ಅವರನ್ನು ನಮ್ಮ ರಾಯಭಾರಿ ಎಂದು ತಿಳಿದುಕೊಂಡವರು ನಾವು. ‘ನಮ್ಮವನೊಬ್ಬ ಅಲ್ಲಿದ್ದಾನೆ’ ಎಂಬ ನೆಮ್ಮದಿಗಾಗಿ ಸಮುದಾಯವು ಎಷ್ಟು ಸೋಮಾರಿತನವನ್ನು ಬಚ್ಚಿಟ್ಟುಕೊಳ್ಳುತ್ತದೆ! ವಿದೇಶದ ಅರಮನೆ ಹೋಗಲಿ, ಇಲ್ಲಿನ ನಿಗಮ ಮಂಡಳಿಯ ಕುರ್ಚಿ ಸಿಕ್ಕಿದರೂ ಸನ್ಮಾನದ ಶಾಲು ಸಿದ್ಧ. ಕುರ್ಚಿಯಲ್ಲಿ ಕುಳಿತು ಏನು ಮಾಡಿದಿರಿ ಎಂದು ಕೇಳುವ ಎರಡನೆಯ ಸಭೆ ನಮ್ಮ ಮಹಲ್ಲುಗಳಲ್ಲಿ ನಡೆಯುವುದೇ ಇಲ್ಲ.

ಆ ಟ್ವೀಟ್ ಬಂದ ಮರುದಿನ ನಮ್ಮ ಸಂಜೆಯ ತರಗತಿಗೆ ದ್ವಿತೀಯ ಪಿಯುಸಿಯ ಹುಡುಗಿಯೊಬ್ಬಳು ಫೋನು ಹಿಡಿದುಕೊಂಡು ಬಂದಳು. ಅವಳ ತಂದೆ ಕಳುಹಿಸಿದ ಫಾರ್ವರ್ಡ್ ಅದು. “ಉಸ್ತಾದ್, ಅಮೆರಿಕದವರೇ ಹೇಳಿದ್ದಾರಲ್ಲ, ಇನ್ನು ಪರೀಕ್ಷೆಗೆ ಬಿಡುತ್ತಾರಲ್ಲವೇ?” ಎಂದು ಕೇಳಿದಳು. ದುಆ ಮಾಡು ಎಂದು ಹೇಳಿ ನಾವು ಪಾಠಕ್ಕೆ ತಿರುಗಿದೆವು. ಮಾರ್ಚ್ 15ರಂದು ಹೈಕೋರ್ಟ್ ನಿಷೇಧವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಮ್ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಪರಸ್ಪರ ಭಿನ್ನ ತೀರ್ಪು ಕೊಟ್ಟರು. ಆ ನಡುವಿನ ಏಪ್ರಿಲ್‌ನಲ್ಲಿ ಪರೀಕ್ಷೆ ಆರಂಭವಾಗಿತ್ತು, ಅವಳು ಬರೆಯಲಿಲ್ಲ. ಫಾರ್ವರ್ಡ್ ಮಾಡಿದ ಗುಂಪಿನಲ್ಲಿ ಇನ್ನೂರಕ್ಕೂ ಹೆಚ್ಚು ಸದಸ್ಯರಿದ್ದರು. ಅವಳನ್ನು ಸೇರಿಸಿಕೊಳ್ಳುವ ಇನ್ನೊಂದು ಕಾಲೇಜು ಎಲ್ಲಿದೆ, ಶುಲ್ಕ ಎಷ್ಟು, ಬಸ್ಸು ಯಾವುದು ಎಂದು ಅವರಲ್ಲಿ ಒಬ್ಬರೂ ವಿಚಾರಿಸಲಿಲ್ಲ. ನಾವೂ ಆ ಗುಂಪಿನಲ್ಲಿದ್ದೆವು.

ಅವಳ ತಂಗಿ ಈಗ ನಮ್ಮ ಬಳಿ ಕಲಿಯುತ್ತಿದ್ದಾಳೆ, ಶಾಲೆಯಲ್ಲಿ ಎಂಟನೆಯ ತರಗತಿ. ಕಾಲೇಜಿನ ಬಾಗಿಲಿಗೆ ತಲುಪಲು ಇನ್ನು ಮೂರು ವರ್ಷವೂ ಇಲ್ಲ. ಹೆಣ್ಣುಮಕ್ಕಳ ಕಾಲೇಜಿನ ಶುಲ್ಕಕ್ಕೂ ವಾಹನಕ್ಕೂ ನಿಧಿಯೊಂದನ್ನು ತೆರೆಯಬೇಕೆಂದು ಮಹಲ್ಲಿನ ಮುಂದಿನ ಸಭೆಯಲ್ಲಿ ಪ್ರಸ್ತಾಪಿಸಲಿದ್ದೇವೆ. ಕಳೆದ ಸಭೆಯಲ್ಲಿ ಅದಕ್ಕೆ ಸಮಯ ಸಿಗಲಿಲ್ಲ. ಸನ್ಮಾನ ಕಾರ್ಯಕ್ರಮ ದೀರ್ಘವಾಯಿತು.