ಕಾವಲುಗಾರರು ಮಾತು ನಿಲ್ಲಿಸಿದಾಗ

ಹೋದ ವರ್ಷ ನಮ್ಮ ಮನೆಯಾಕೆಗೆ ಸ್ತನದಲ್ಲಿ ಗಡ್ಡೆಯಾಗಿ ಶಸ್ತ್ರಚಿಕಿತ್ಸೆಯಾಯಿತು. ಮೊನ್ನೆ ಮೊಮ್ಮಗಳು ವಿಜ್ಞಾನದ ಪುಸ್ತಕ ಹಿಡಿದುಕೊಂಡು ಬಂದಳು. “ತಾತ, ಬಿಳಿ ರಕ್ತಕಣಗಳು ನಮ್ಮ ಸೈನಿಕರು ಅಂತ ಇದರಲ್ಲಿದೆ. ಹಾಗಾದ್ರೆ ಅಜ್ಜಿಯ ಸೈನಿಕರು ನಿದ್ದೆ ಮಾಡ್ತಿದ್ರಾ?”

ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ ತಲೆಯೆತ್ತದೆ, “ನನ್ನ ಮೈಯಲ್ಲೇ ಕಸುವಿರಲಿಲ್ಲ, ಪುಟ್ಟಿ” ಅಂದಳು.

ಆ ಮಾತು ನನ್ನನ್ನು ಚುಚ್ಚಿತು. ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು, ವೈದ್ಯನಲ್ಲ. ಆದರೂ ಓದಿ ತಿಳಿದುಕೊಂಡದ್ದನ್ನು ಅವರಿಬ್ಬರಿಗೆ ಹೇಳಿದೆ. ನಿಮಗೂ ಹೇಳುತ್ತೇನೆ.

1882ರಲ್ಲಿ ಇಟಲಿಯ ಮೆಸ್ಸಿನಾ ಊರಿನಲ್ಲಿ ರಷ್ಯಾದ ವಿಜ್ಞಾನಿ ಇಲ್ಯಾ ಮೆಚ್ನಿಕಾಫ್ ನಕ್ಷತ್ರಮೀನಿನ ಮರಿಗಳನ್ನು ನೋಡುತ್ತಿದ್ದರು. ಗಾಜಿನಂತೆ ಪಾರದರ್ಶಕವಾದ ಮರಿಗಳು. ಅವುಗಳ ಮೈಗೆ ಸಣ್ಣ ಮುಳ್ಳು ಚುಚ್ಚಿಟ್ಟರು. ಬೆಳಗಾಗುವಷ್ಟರಲ್ಲಿ ಮುಳ್ಳಿನ ಸುತ್ತ ಕೋಶಗಳು ಮುತ್ತಿಕೊಂಡಿದ್ದವು! ಹೀಗೆ ಹುಟ್ಟಿನಿಂದಲೇ ನಮ್ಮೊಳಗೆ ಕಾವಲು ಕಾಯುವ ಕೋಶಗಳಿವೆ ಎಂದು ತಿಳಿಯಿತು. 1908ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು.

ಈ ಕಾವಲುಗಾರರಲ್ಲಿ ಮೂವರ ಪರಿಚಯ ಮಾಡಿಕೊಳ್ಳೋಣ.

ಮೊದಲನೆಯದು ಮ್ಯಾಕ್ರೋಫೇಜ್, ಅಂದರೆ ದೊಡ್ಡ ಹೊಟ್ಟೆಬಾಕ. ರೋಗಾಣುಗಳನ್ನೂ ಸತ್ತ ಕೋಶಗಳನ್ನೂ ನುಂಗುತ್ತದೆ. ಗಾಯವಾದರೆ ರಿಪೇರಿಗೂ ಕೈಹಾಕುತ್ತದೆ.

ಎರಡನೆಯದು ಎನ್‌ಕೆ ಕೋಶ. ಇದರ ಕೆಲಸ ನನಗೆ ಬಹಳ ಹತ್ತಿರದ್ದು. ಬ್ಯಾಂಕಿನಲ್ಲಿ ನಾವು ಚೆಕ್ಕಿನ ಸಹಿಯನ್ನು ಮಾದರಿ ಸಹಿಯೊಂದಿಗೆ ಹೋಲಿಸುತ್ತಿದ್ದೆವು. ನಮ್ಮ ಕೋಶಗಳ ಮೈಮೇಲೂ ‘ನಾನು ಈ ಮನೆಯವನೇ’ ಎನ್ನುವ ಗುರುತಿರುತ್ತದೆ. ಕೆಲವು ಕ್ಯಾನ್ಸರ್ ಕೋಶಗಳು ಆ ಗುರುತನ್ನು ಕಳೆದುಕೊಂಡಿರುತ್ತವೆ. ಸಹಿಯಿಲ್ಲದ ಚೆಕ್ ಕಂಡ ಗುಮಾಸ್ತನಂತೆ ಎನ್‌ಕೆ ಕೋಶಕ್ಕೆ ಅನುಮಾನ ಬಂದು, ಅಂಥ ಕೋಶವನ್ನು ಅಲ್ಲೇ ಕೊಲ್ಲಬಲ್ಲದು.

ಮೂರನೆಯದು ಮರದ ಕೊಂಬೆಗಳಂತೆ ತೋಳು ಚಾಚಿದ ಡೆಂಡ್ರೈಟಿಕ್ ಕೋಶ. ಕಳ್ಳನ ತುಣುಕೊಂದನ್ನು ಹಿಡಿದು, ಹತ್ತಿರದ ದುಗ್ಧಗ್ರಂಥಿಗೆ ಒಯ್ದು, ಅಲ್ಲಿರುವ ಟಿ ಕೋಶಗಳಿಗೆ ತೋರಿಸುತ್ತದೆ. “ಇಂಥವನನ್ನು ಹುಡುಕಿ” ಎಂದ ಹಾಗೆ. ಆಮೇಲೆ ದೊಡ್ಡ ಪಡೆಯೇ ಹೊರಡುತ್ತದೆ.

ಈಗ ಮುಖ್ಯ ವಿಷಯ. ಇವರು ಒಬ್ಬೊಬ್ಬರೇ ಗೆಲ್ಲುವುದು ಕಷ್ಟ. ಅನುಮಾನದ ಚೆಕ್ ಬಂದರೆ ನಾನು ಗಂಟೆ ಒತ್ತಿ ಅಧಿಕಾರಿಯನ್ನು ಕರೆಯುತ್ತಿದ್ದೆ. ಹಾಗೆಯೇ ಗಡ್ಡೆಯೊಳಗೆ ಎನ್‌ಕೆ ಕೋಶ ಕೆಲವು ರಾಸಾಯನಿಕಗಳನ್ನು ಹೊರಬಿಟ್ಟು ಡೆಂಡ್ರೈಟಿಕ್ ಕೋಶವನ್ನು ಕರೆಯುತ್ತದೆ. ಬಂದ ಡೆಂಡ್ರೈಟಿಕ್ ಕೋಶ ತನ್ನ ರಾಸಾಯನಿಕದಿಂದ ಎನ್‌ಕೆ ಕೋಶಕ್ಕೆ ಹುರುಪು ತುಂಬುತ್ತದೆ. ಮಾತು ಹೀಗೆ ಎರಡೂ ಕಡೆಯಿಂದ ನಡೆಯಬೇಕು.

ಕ್ಯಾನ್ಸರ್ ಏನು ಮಾಡುತ್ತದೆ ಗೊತ್ತೇ? ಗಂಟೆಯ ತಂತಿಯನ್ನೇ ಕತ್ತರಿಸುತ್ತದೆ! ಲಂಡನ್ನಿನ ವಿಜ್ಞಾನಿಗಳು ಇಲಿಗಳ ಗಡ್ಡೆಗಳಲ್ಲಿ ಇದನ್ನು ಕಂಡು 2018ರಲ್ಲಿ ಪ್ರಕಟಿಸಿದರು. ಗಡ್ಡೆ ಬಿಡುವ ಪ್ರೋಸ್ಟಗ್ಲಾಂಡಿನ್ ಇ2 ಎಂಬ ವಸ್ತು ಎನ್‌ಕೆ ಕೋಶಗಳನ್ನು ಮಂಕು ಮಾಡುತ್ತದೆ. ಕರೆ ಹೋಗುವುದಿಲ್ಲ, ಡೆಂಡ್ರೈಟಿಕ್ ಕೋಶ ಬರುವುದಿಲ್ಲ.

ಮ್ಯಾಕ್ರೋಫೇಜ್‌ಗೆ ಇನ್ನೊಂದು ಮೋಸ. ಗಡ್ಡೆ ತಾನೊಂದು ಮಾಯದ ಗಾಯವೆಂಬಂತೆ ನಟಿಸುತ್ತದೆ. ಪಾಪ, ಮ್ಯಾಕ್ರೋಫೇಜ್ ಅದನ್ನು ನಂಬಿ ರಿಪೇರಿಗೆ ಇಳಿಯುತ್ತದೆ. ಹೊಸ ರಕ್ತನಾಳ ಬೆಳೆಯಲು ನೆರವಾಗುತ್ತದೆ, ಉಳಿದ ಕಾವಲುಗಾರರಿಗೆ “ಸುಮ್ಮನಿರಿ” ಎಂಬ ಸಂದೇಶವನ್ನೂ ಕೊಡುತ್ತದೆ. ಕಳ್ಳನ ಮನೆಗೆ ನೀರಿನ ನಲ್ಲಿ ಹಾಕಿಕೊಟ್ಟ ಹಾಗೆ! ಕೆಲವು ಗಡ್ಡೆಗಳಲ್ಲಿ ಇಂಥ ಮ್ಯಾಕ್ರೋಫೇಜ್‌ಗಳು ಹಿಂಡುಹಿಂಡಾಗಿರುತ್ತವೆ. ಕಾವಲುಗಾರರಿಗೆ ಅಲ್ಲಿ ಕೊರತೆಯಿರುವುದಿಲ್ಲ.

ಕಡಿದ ತಂತಿಯನ್ನು ಮತ್ತೆ ಜೋಡಿಸುವುದು ಹೇಗೆಂದು ವಿಜ್ಞಾನಿಗಳು ಹುಡುಕುತ್ತಿದ್ದಾರೆ. ಡೆಂಡ್ರೈಟಿಕ್ ಕೋಶವನ್ನು 1973ರಲ್ಲಿ ಜಗತ್ತಿಗೆ ಪರಿಚಯಿಸಿದವರಲ್ಲಿ ರಾಲ್ಫ್ ಸ್ಟೈನ್‌ಮನ್ ಒಬ್ಬರು. ಮುಂದೆ ಅವರಿಗೇ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಬಂತು. ತಮ್ಮದೇ ಡೆಂಡ್ರೈಟಿಕ್ ಕೋಶಗಳಿಂದ ಮಾಡಿದ ಚಿಕಿತ್ಸೆಯನ್ನು ತಮ್ಮ ಮೇಲೆಯೇ ಪರೀಕ್ಷಿಸಿಕೊಂಡರು. 2011ರಲ್ಲಿ ಅವರು ತೀರಿಕೊಂಡ ಮೂರು ದಿನಕ್ಕೆ ಅವರಿಗೆ ನೊಬೆಲ್ ಘೋಷಣೆಯಾಯಿತು. ಅವರು ಹೋದ ಸುದ್ದಿ ಆಗಿನ್ನೂ ಸಮಿತಿಗೆ ತಲುಪಿರಲಿಲ್ಲ. ಬಹುಮಾನ ಅವರ ಹೆಸರಿನಲ್ಲೇ ಉಳಿಯಿತು.

ಇಷ್ಟು ಕೇಳಿದ ಮೊಮ್ಮಗಳು, “ಹಾಗಾದ್ರೆ ಅಜ್ಜಿಯ ಸೈನಿಕರು ನಿದ್ದೆ ಮಾಡ್ತಿರಲಿಲ್ಲ. ಅವರಿಗೆ ಮೋಸ ಆಯ್ತು” ಅಂದಳು.

ಹೌದು ಮಕ್ಕಳೇ. ಕಾಯಿಲೆ ಬಂದವರ ತಪ್ಪು ಹುಡುಕಬೇಡಿ. ಕ್ಯಾನ್ಸರ್ ಒಬ್ಬರಿಂದೊಬ್ಬರಿಗೆ ಅಂಟುವ ರೋಗವೂ ಅಲ್ಲ. ಅಜ್ಜಿಯ ಪಕ್ಕ ಕೂತು ಊಟ ಮಾಡಿ. ಹಿರಿಯರೇ, ನಿಮಗೊಂದು ಮಾತು. ‘ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ’ ಎಂಬ ಪುಡಿಯ ಡಬ್ಬಿಗೆ ದುಡ್ಡು ಸುರಿಯಬೇಡಿ, ಕಡಿದ ತಂತಿ ಅದರಿಂದ ಕೂಡುವುದಿಲ್ಲ. ಮೈಯಲ್ಲಿ ಹೊಸ ಗಂಟು ಕೈಗೆ ಸಿಕ್ಕರೆ ಸಂಕೋಚಪಟ್ಟು ಮುಚ್ಚಿಡದೆ ವೈದ್ಯರಿಗೆ ತೋರಿಸಿ. ಒಳಗಿನ ಗಂಟೆ ಕೆಟ್ಟಾಗ ಹೊರಗಿನ ಗಂಟೆಯನ್ನು ನಾವೇ ಒತ್ತಬೇಕು.

ನಮ್ಮಾಕೆ ನಾಲ್ಕು ತಿಂಗಳು ಮುಚ್ಚಿಟ್ಟಿದ್ದಳು. ಅವತ್ತು ಅವಳು ಏನೂ ಹೇಳಲಿಲ್ಲ. ಸುಲಿದ ಅವರೆಕಾಳಿನ ಬಟ್ಟಲನ್ನು ಮೊಮ್ಮಗಳ ಕೈಗಿಟ್ಟು, “ಮುಂದಿನ ವಾರ ತಪಾಸಣೆಗೆ ನೀನೂ ಬಾ” ಅಂದಳು.