ಅಳೆಯುವ ಮೊದಲು ತೋರಿಸಿ

ಹತ್ತನೇ ತರಗತಿಯ ಫಲಿತಾಂಶ ಬಂದ ಕೂಡಲೇ ಮನೆಮನೆಯಲ್ಲೂ ಏಳುವ ಪ್ರಶ್ನೆ: ಸೈನ್ಸೋ, ಕಾಮರ್ಸೋ, ಆರ್ಟ್ಸೋ? ಈ ದಿಗಿಲಿಗೆ ಈಗ ಆಪ್ಟಿಟ್ಯೂಡ್ ಟೆಸ್ಟ್ ಎಂಬ ಮದ್ದು ಮಾರಾಟಕ್ಕಿದೆ. ಮಗಳು ಒಂದೆರಡು ಗಂಟೆ ಕಂಪ್ಯೂಟರ್ ಮುಂದೆ ಕೂತರೆ ಸಾಕು, ಅವಳು ಏನಾಗಬೇಕೆಂಬ ವರದಿ ಬಣ್ಣಬಣ್ಣದ ನಕ್ಷೆಗಳೊಂದಿಗೆ ಕೈಸೇರುತ್ತದೆ. ಬೆರಳಚ್ಚು ನೋಡಿ ಬುದ್ಧಿಯ ಬಗೆ ಹೇಳುವ ಡಿಎಂಐಟಿಯ ಮಾತು ಬಿಡಿ, ಅದು ಕೋಟು ತೊಟ್ಟ ಹಸ್ತಸಾಮುದ್ರಿಕೆ. ನನ್ನ ತಕರಾರು ಮನಃಶಾಸ್ತ್ರದ ಹೆಸರಿನಲ್ಲಿ ಮರ್ಯಾದೆಯಿಂದ ನಡೆಯುವ ಪರೀಕ್ಷೆಗಳ ಬಗ್ಗೆಯೇ.

1905ರಲ್ಲಿ ಪ್ಯಾರಿಸ್‌ನಲ್ಲಿ ಆಲ್ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸಿಮೋನ್ ಬುದ್ಧಿಮಾಪನ ಪರೀಕ್ಷೆ ರೂಪಿಸಿದ್ದು ಶಾಲೆಯಲ್ಲಿ ಯಾವ ಮಕ್ಕಳಿಗೆ ಹೆಚ್ಚಿನ ನೆರವು ಬೇಕೆಂದು ಗುರುತಿಸಲು. ಬುದ್ಧಿ ಬದಲಾಗದ ವಸ್ತು ಎಂಬ ನಂಬಿಕೆಯನ್ನು ಬಿನೆ ವಿರೋಧಿಸಿದ್ದರು. ಅಮೆರಿಕ ತಲುಪಿದ ಮೇಲೆ ಇದೇ ಅಳತೆಗೋಲು ಜರಡಿಯಾಯಿತು. ಮೊದಲ ಮಹಾಯುದ್ಧದಲ್ಲಿ ಅಲ್ಲಿನ ಸೇನೆ ಸುಮಾರು 17 ಲಕ್ಷ ಮಂದಿಯನ್ನು ಪರೀಕ್ಷಿಸಿತು. ಆ ಅಂಕಗಳನ್ನೇ ನೆಚ್ಚಿ ಕಾರ್ಲ್ ಬ್ರಿಗಮ್ 1923ರಲ್ಲಿ ಜನಾಂಗಗಳ ಬುದ್ಧಿಗೆ ಮೇಲು-ಕೀಳು ಕಟ್ಟಿದ. ವಲಸಿಗರು ಅಮೆರಿಕದಲ್ಲಿ ಹೆಚ್ಚು ವರ್ಷ ಕಳೆದಷ್ಟೂ ಅವರ ಅಂಕ ಏರುತ್ತಿದ್ದುದು ಅದೇ ಅಂಕಿಗಳಲ್ಲಿತ್ತು. ಅಂದರೆ ಪರೀಕ್ಷೆ ಅಳೆದದ್ದು ಪರಿಚಯವನ್ನು. 1930ರಲ್ಲಿ ಬ್ರಿಗಮ್ ತನ್ನ ತೀರ್ಮಾನವನ್ನು ತಾನೇ ಹಿಂತೆಗೆದುಕೊಂಡ. ಅಷ್ಟರಲ್ಲಿ ಅವನ ನೇತೃತ್ವದ 'ಸ್ಕೊಲಾಸ್ಟಿಕ್ ಆಪ್ಟಿಟ್ಯೂಡ್ ಟೆಸ್ಟ್' ಶುರುವಾಗಿ ನಾಲ್ಕು ವರ್ಷವಾಗಿತ್ತು. 1990ರ ದಶಕದಲ್ಲಿ ಆ ಪರೀಕ್ಷೆಯೇ ತನ್ನ ಹೆಸರಿನಿಂದ 'ಆಪ್ಟಿಟ್ಯೂಡ್' ಎಂಬ ಪದವನ್ನು ಕೈಬಿಟ್ಟಿತು.

ನಾವು ಆ ಪದವನ್ನು ಈಗ ದುಡ್ಡು ಕೊಟ್ಟು ಕೊಳ್ಳುತ್ತಿದ್ದೇವೆ. 'ಪ್ರಯೋಗ ಮಾಡುವುದು ನಿನಗೆ ಇಷ್ಟವೇ?' ಎಂದು ಪ್ರಶ್ನಾವಳಿ ಕೇಳುತ್ತದೆ. ಶಾಲೆಯ ಲ್ಯಾಬಿಗೆ ಬೀಗ ಬಿದ್ದಿದ್ದರೆ ಮಗು ಏನು ಉತ್ತರಿಸಬೇಕು? ಅದು 'ಇಲ್ಲ' ಎಂದರೆ ವರದಿ ಅದನ್ನು ಮಗುವಿನ ಸ್ವಭಾವವೆಂದು ಬರೆದುಕೊಳ್ಳುತ್ತದೆ. ತಪ್ಪು ಬೀಗದ್ದಲ್ಲ, ಮಗುವಿನದು!

ನಾನು ಇಂದು ಸಂಶೋಧನಾ ವಿದ್ಯಾರ್ಥಿ. ಹಳ್ಳಿಯ ಶಾಲೆಯಲ್ಲಿದ್ದಾಗ ಅಂಥದ್ದೊಂದು ಕೆಲಸವಿದೆಯೆಂದೇ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದರ ಮೇಲಿನ ಒಲವನ್ನು ಯಾವ ಟೆಸ್ಟ್ ಹುಡುಕಿ ತೆಗೆಯುತ್ತಿತ್ತು? ಪದವಿಯಲ್ಲಿ ಒಬ್ಬ ಮೇಷ್ಟರು ಹಳೆಯ ಗೆಜೆಟಿಯರ್ ಒಂದನ್ನು ಕೈಗಿಟ್ಟು, ನಮ್ಮೂರಿನ ಬಗ್ಗೆ ಇದರಲ್ಲಿರುವುದು ನಿಜವೇ ಎಂದು ವಿಚಾರಿಸಿಕೊಂಡು ಬಾ ಎಂದರು. ಒಲವು ಹುಟ್ಟಿದ್ದು ಆ ಓಡಾಟದಲ್ಲಿ. ಮೊದಲೇ ಅಳೆದಿದ್ದರೆ ಸೊನ್ನೆ ಬರುತ್ತಿತ್ತು.

ಕುರುಡಾಗಿ ಆರಿಸುವುದಕ್ಕಿಂತ ಒಂದು ಟೆಸ್ಟ್ ವಾಸಿಯಲ್ಲವೇ ಎನ್ನುವವರಿದ್ದಾರೆ. ಮಗುವಿನ ಜೊತೆ ಕೂತು ಮಾತಾಡಲು ಅದು ನೆಪವಾದರೆ ನನ್ನ ಅಡ್ಡಿಯಿಲ್ಲ. 1908ರಲ್ಲಿ ಬಾಸ್ಟನ್‌ನಲ್ಲಿ ಉದ್ಯೋಗ ಮಾರ್ಗದರ್ಶನ ಕೇಂದ್ರ ತೆರೆದ ಫ್ರಾಂಕ್ ಪಾರ್ಸನ್ಸ್ ಮೂರು ಮಾತು ಹೇಳಿದ್ದ: ನಿನ್ನನ್ನು ನೀನು ಅರಿ, ಕೆಲಸಗಳನ್ನು ಅರಿ, ಎರಡನ್ನೂ ತೂಗಿ ನೋಡು. ನಮ್ಮ ಮಾರುಕಟ್ಟೆ ಮೊದಲನೆಯದನ್ನಷ್ಟೇ ಪೊಟ್ಟಣ ಕಟ್ಟಿ ಮಾರುತ್ತಿದೆ. ಕೆಲಸದ ಸಂಬಳವೆಷ್ಟು, ಖಾಯಂ ಆಗುತ್ತದೆಯೇ, ಓದಿಗೆ ಎಷ್ಟು ಸಾಲವಾಗುತ್ತದೆ ಎಂಬುದನ್ನು ಯಾರು ಹೇಳುತ್ತಾರೆ? 'ಬೋಧನೆ ನಿನಗೆ ಸೂಕ್ತ' ಎನ್ನುವ ವರದಿ ಅತಿಥಿ ಉಪನ್ಯಾಸಕರ ಪಾಡನ್ನು ಹೇಳುವುದಿಲ್ಲ.

ಆದ್ದರಿಂದ ಪೋಷಕರಲ್ಲಿ ನನ್ನ ಕೋರಿಕೆ ಇಷ್ಟೇ: ಟೆಸ್ಟಿಗೆ ಇಟ್ಟ ದುಡ್ಡಿನಲ್ಲಿ ಮಗುವನ್ನು ಬಸ್ಸು ಹತ್ತಿಸಿ. ಕೋರ್ಟು, ಗ್ಯಾರೇಜು, ಆಸ್ಪತ್ರೆ, ಕೃಷಿ ಸಂಶೋಧನಾ ಕೇಂದ್ರ, ಪತ್ರಿಕಾ ಕಚೇರಿ ತೋರಿಸಿ. ಅಲ್ಲಿ ದುಡಿಯುವವರನ್ನು ಅದು ತಾನೇ ಮಾತಾಡಿಸಲಿ. ಶಾಲೆಗಳು ಮೊದಲು ಲ್ಯಾಬಿನ ಬೀಗ ತೆಗೆಯಲಿ.